ಅಂದಾಜು ಮೌಲ್ಯ

ಬಂದರು ಠಾಣೆಯಲ್ಲಿ ನಾನು ರೈಟರು.
ನನ್ನ ಮೇಜಿನ ಮೇಲೊಂದು ಬ್ಯಾಟರಿ ತಕ್ಕಡಿ,
ಅಕ್ಕಸಾಲಿಗನದರಷ್ಟೇ ಚಿಕ್ಕದು;
ಫ್ಯಾನಿನ ಗಾಳಿಗೂ ಅಂಕೆ ತಪ್ಪುತ್ತದೆ.
ಹಾಗಾಗಿ ಗಾಂಜಾ ತೂಗುವಾಗ ನಾವೆಲ್ಲ ಬೆವರುತ್ತೇವೆ,
ಆರೋಪಿ, ಪಂಚರು, ಸಾಹೇಬರು, ಒಂದೇ ಸಮ.

ನಿನ್ನೆ ದಕ್ಕೆಯ ಹುಡುಗ, ಜೀತೇಶ,
ಬೂತಾಯಿ ಬುಟ್ಟಿ ಹೊರುವವನು.
ಹನ್ನೊಂದು ದಶಾಂಶ ಎಂಟು ಗ್ರಾಂ, ತೊಟ್ಟೆ ಸೇರಿ.
ಪಂಚನಾಗಿ ಬಂದ ಬೊಂಡದಂಗಡಿಯ ಲ್ಯಾನ್ಸಿ
ಸಹಿ ಹಾಕಿ, ಯಾರೂ ನೋಡುತ್ತಿಲ್ಲವೆಂದುಕೊಂಡು
ಬೆರಳು ಮೂಸಿ ನೋಡಿದ.

ಮಹಜರಿನಲ್ಲಿ ಒಂದು ಕಲಮು ಖಾಲಿ ಬಿಡುವಂತಿಲ್ಲ:
ಅಂದಾಜು ಮೌಲ್ಯ.
ಮಾರಬಾರದ್ದಕ್ಕೂ ಕಾಗದಕ್ಕೆ ಒಂದು ದರ ಬೇಕು.
ಆರುನೂರು ಎಂದು ಬರೆದೆ.
ಹುಡುಗ ತಲೆಯೆತ್ತಿ, "ಐನೂರು, ಸರ್" ಎಂದ.
ತಿದ್ದಲಿಲ್ಲ. ತಿದ್ದಿದರೆ ಮತ್ತೆ ಎಲ್ಲರ ಸಹಿ.

ಇವತ್ತು ಬಂದೋಬಸ್ತು, ಕಾಲೇಜಿನ ಸಭಾಂಗಣದಲ್ಲಿ.
ಉದ್ಘಾಟನೆಗೆ ಬರಬೇಕಿದ್ದ ದೊಡ್ಡವರು ಬರಲಿಲ್ಲ,
ನಾವು ಮಾತ್ರ ಉಳಿದೆವು, ಚರ್ಚಾಸ್ಪರ್ಧೆಗೆ:
ಗಾಂಜಾ ಸಕ್ರಮವಾಗಲಿ, ತೆರಿಗೆ ಬೀಳಲಿ.
ಪರದ ಹುಡುಗಿ ಹೇಳಿದಳು:
"ಬಾರಿಗೆ ಲೈಸೆನ್ಸ್ ಉಂಟು, ಶೇಂದಿಗೆ ಉಂಟು,
ದೈವಕ್ಕೆ ಇಡುವ ಕಳ್ಳಿಗೆ ಕೇಸಿಲ್ಲ,
ಈ ಗಿಡವೊಂದು ಏನು ಪಾಪ ಮಾಡಿತು?
ಸುಂಕ ಹಾಕಿ, ಆ ದುಡ್ಡಲ್ಲಿ ಆಸ್ಪತ್ರೆ ಕಟ್ಟಿ."
ವಿರೋಧದ ಹುಡುಗ ಎದ್ದ:
"ಹೆಂಡದ ಸುಂಕದಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ
ಮಲಗಿರುವವರು ಯಾರು, ಹೋಗಿ ನೋಡಿ."
ಚಪ್ಪಾಳೆ ಇಬ್ಬರಿಗೂ. ಗಂಟೆ.

ಹಿಂದಿನ ಬಾಗಿಲಲ್ಲಿ ನಿಂತ ನನಗೂ ಕೇಳುವುದಿತ್ತು:
ಅದನ್ನು ಕಟ್ಟುವವರು ಯಾರು?
ಸಾವಿರಕ್ಕೆ ಎಷ್ಟು ಮಜೂರಿ?
ಖಾಕಿ ತೊಟ್ಟವನು ಪ್ರಶ್ನೆ ಕೇಳುವುದು ಠಾಣೆಯಲ್ಲಿ.

ತೊಕ್ಕೊಟ್ಟಿನ ನಮ್ಮ ಮನೆಯಲ್ಲಿ ಬಜೆಟ್ ಎಂದರೆ
ಅಮ್ಮ ಮಡಿಲ ತಡ್ಪೆಯಿಂದ ಕೈ ತೆಗೆದು
ರೇಡಿಯೋದ ಕಿವಿ ಹಿಂಡುವ ದಿನ.
ಬೀಡಿಗೆ ಸುಂಕ ಏರಿದರೆ ಬ್ರಾಂಚಿನಲ್ಲಿ ಎಲೆ ಕಡಿಮೆ,
ವಾರಕ್ಕೆ ನಾಲ್ಕೇ ದಿನ ಕೆಲಸ.
ನನ್ನ ಶಾಲೆಯ ಫೀಸು, ಈ ನೌಕರಿಯ ಅರ್ಜಿ,
ಎದೆ ಅಳೆಸಿಕೊಳ್ಳಲು ಹೋದ ದಿನದ ಬಸ್ಸಿನ ದುಡ್ಡು,
ಎಲ್ಲಕ್ಕೂ ಹೊಗೆಸೊಪ್ಪಿನ ವಾಸನೆ.
ಯಾರದೋ ಎದೆ ಸುಟ್ಟು ನನ್ನ ಎದೆ ಮೂವತ್ತಮೂರು ಇಂಚಾಯಿತು.
ಚೆಕ್ಕರ್ ಚಾಟು ಎಂದು ತಳ್ಳಿದವನ್ನು ಅಪ್ಪ ಸೇದಿದ,
ಲೇಬಲ್ ಇಲ್ಲದವು, ಲೆಕ್ಕಕ್ಕೆ ಸೇರದವು,
ವೆನ್ಲಾಕಿನ ಸಾಲಿನಲ್ಲಿ ಟೋಕನ್ ಎಪ್ಪತ್ತಾರು ಆಗುವ ತನಕ.
ಅದಕ್ಕೆ ಮಹಜರು ಆಗಲಿಲ್ಲ. ಮಾಲು ಎಲ್ಲವೂ ಸಕ್ರಮ.

ಇದರರ್ಥ ಜೀತೇಶನನ್ನು ಬಿಟ್ಟುಬಿಡಿ ಎಂದಲ್ಲ.
ಒಳಗೆ ಹಾಕಿ ಎಂದೂ ಅಲ್ಲ.
ಅವನ ಅಕ್ಕ ಬೆಳಿಗ್ಗೆಯಿಂದ ಠಾಣೆಯ ಮೆಟ್ಟಿಲಲ್ಲಿ ಕೂತಿದ್ದಳು,
"ದಂಡ ಎಷ್ಟಾಗ್ತದೆ ಹೇಳಿ, ಕಟ್ಟುತ್ತೇನೆ" ಎಂದು
ಸೀರೆಯ ಸೆರಗಿನ ಗಂಟು ಬಿಚ್ಚುತ್ತ.
ಅಷ್ಟು ಚಿಕ್ಕ ಗಂಟಿಗೆ
ಅಷ್ಟು ಹೊತ್ತು ಬೇಕಾಯಿತು.

ರಾತ್ರಿ ಮನೆಗೆ ಬಂದರೆ ಅಮ್ಮ ಇನ್ನೂ ಕಟ್ಟುತ್ತಿದ್ದಳು,
ಕಣ್ಣು ಕಾಣದಿದ್ದರೂ ಬೆರಳಿಗೆ ಕಾಣುತ್ತದಂತೆ.
"ಯಾರು ಗೆದ್ದದ್ದು?"
"ವಿರೋಧದವರು, ಎರಡು ಅಂಕದಲ್ಲಿ."
ಒಂದು ಬೀಡಿಯ ತಲೆ ಮಡಚಿ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು,
"ಅದರ ಎಲೆ ಎಷ್ಟು ದೊಡ್ಡದಿರ್ತದೆ ಮಾರಾಯ?"

ಅಂಗೈ ಬಿಡಿಸಿ, ಬೆರಳುಗಳನ್ನು ಅಗಲಿಸಿ
ಅವಳ ಮುಂದೆ ಹಿಡಿದೆ. "ಹೀಗೆ. ನಡುನಡುವೆ ಹರಿದ ಹಾಗೆ."

ನನ್ನ ಕೈಯನ್ನು ದೀಪಕ್ಕೆ ತಿರುಗಿಸಿ ನೋಡಿದಳು,
ಕತ್ತರಿಯನ್ನು ಎಲ್ಲಿ ಇಡುವುದೆಂದು ಯೋಚಿಸುವವಳಂತೆ.
"ಇದರಲ್ಲಿ ಕಟ್ಟಿದರೆ," ಎಂದಳು,
"ಚಾಟೇ ಜಾಸ್ತಿ ಹೋದೀತು."